ಬೀಟೆ ಮೇಜಿನ ಮೇಲೆ ಒಣಗಿದ ಅಂಟು: ಪಾಲಿಶ್ ಹಾಳಾಗದಂತೆ ತೆಗೆಯುವುದು ಹೇಗೆ?

ಹೆಂಚಿನ_ಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬೀಟೆ ಮೇಜು ಒಂದಿದೆ. ಗಣೇಶನ ಹಬ್ಬಕ್ಕೆ ಮಕ್ಕಳು ಅದರ ಮೇಲೆ ದಿನಪತ್ರಿಕೆ ಹಾಸಿಕೊಂಡು ಥರ್ಮೋಕೋಲ್ ಮಂಟಪ ಮಾಡಿದರು. ಹಬ್ಬ ಮುಗಿದು ಪತ್ರಿಕೆ ಎತ್ತಲು ಹೋದರೆ ಅದು ಬರಲಿಲ್ಲ. ಫೆವಿಕಾಲ್ ಕಾಗದದ ಮೂಲಕ ಇಳಿದು, ಅಂಗೈಯಗಲ ಜಾಗದಲ್ಲಿ ಸುದ್ದಿಯ ಸಮೇತ ಗಟ್ಟಿಯಾಗಿದೆ. ಪಕ್ಕದಲ್ಲಿ ಫೆವಿಕ್ವಿಕ್ ಹನಿಗಳು ಬಿದ್ದು ಕಲ್ಲಾಗಿವೆ. ಅಂಚಿನಲ್ಲಿ ಎರಡು ಬದಿ ಅಂಟುವ ಟೇಪಿನ ಗೋಂದು ಉಳಿದು ಧೂಳು ಹಿಡಿಯುತ್ತಿದೆ.

ಹಾರ್ಡ್‌ವೇರ್ ಅಂಗಡಿಯವರು ತಿನ್ನರ್ ಎನ್ನುತ್ತಾರೆ, ಪಕ್ಕದ ಮನೆಯವರು ಸೀಮೆಎಣ್ಣೆ ಎನ್ನುತ್ತಾರೆ, ಅತ್ತೆ ಕೊಬ್ಬರಿ ಎಣ್ಣೆ ಎನ್ನುತ್ತಾರೆ, ನಮ್ಮ ಯಜಮಾನರು ಮರಳು ಕಾಗದ ಹಿಡಿದು ನಿಂತಿದ್ದಾರೆ. ಯಾರನ್ನು ನಂಬಲಿ? ಮೇಜಿಗೆ ಏನೂ ಆಗಬಾರದು, ಅಷ್ಟೇ.

ಬಯಲುಸೀಮೆ
ತಿನ್ನರ್ ಹಾಕಿ ಒರೆಸಿ. ಎರಡು ನಿಮಿಷದ ಕೆಲಸ.

ಉಳಿ_ಬಾಚಿ
ದಯವಿಟ್ಟು ತಿನ್ನರ್ ಡಬ್ಬಿಯ ಮುಚ್ಚಳವನ್ನೇ ತೆಗೆಯಬೇಡಿ. ನಾನು ಮರಗೆಲಸದವನು, ತಂದೆಯ ಕಾಲದಿಂದ ಹಳೆಯ ಪೀಠೋಪಕರಣ ರಿಪೇರಿ ಮಾಡುವುದೇ ನಮ್ಮ ಕೆಲಸ. ಅಜ್ಜನ ಕಾಲದ ಬೀಟೆ ಎಂದರೆ ಬಹುಮಟ್ಟಿಗೆ ಫ್ರೆಂಚ್ ಪಾಲಿಶ್ ಇರುತ್ತದೆ, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರ ಪದರವಾಗಿ ಹಚ್ಚಿದ್ದು. ತಿನ್ನರ್ ಹಾಕಿದರೆ ಅಂಟು ಏಳುವ ಮೊದಲೇ ಪಾಲಿಶ್ ಎದ್ದು ಬರುತ್ತದೆ. ಬೀಟೆಯಲ್ಲಿ ಇನ್ನೊಂದು ತೊಂದರೆಯಿದೆ. ಆ ಮರದ ಒಳಗೇ ಬಣ್ಣ ಮತ್ತು ಜಿಡ್ಡು ಇದೆ. ಸ್ಪಿರಿಟ್ ಅಥವಾ ತಿನ್ನರ್ ತಾಗಿದರೆ ಆ ಬಣ್ಣ ಬಿಟ್ಟುಕೊಂಡು ಬಟ್ಟೆಗೆ ಹತ್ತುತ್ತದೆ. ಮೈಸೂರಿನ ಕೆತ್ತು ಜೋಡಣೆಯ ಕೆಲಸ, ಅಂದರೆ ಮರದಲ್ಲಿ ಕೆತ್ತಿ ಬೇರೆ ಬಣ್ಣದ ಚೂರು ಕೂರಿಸಿದ ಚಿತ್ತಾರ, ಇರುವ ವಸ್ತುವಾದರಂತೂ ಬಿಳಿ ಮರದ ಚೂರುಗಳಿಗೆಲ್ಲ ಆ ಬಣ್ಣ ಮೆತ್ತಿಕೊಳ್ಳುತ್ತದೆ.

ಮೊದಲು ಪಾಲಿಶ್ ಯಾವುದೆಂದು ಗುರುತಿಸಿ. ಮೇಜಿನ ಕಾಲಿನ ಒಳಭಾಗದಲ್ಲಿ, ಯಾರಿಗೂ ಕಾಣದ ಕಡೆ, ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಒಂದು ಹನಿ ಸ್ಪಿರಿಟ್ ಮುಟ್ಟಿಸಿ. ಸ್ವಲ್ಪ ಹೊತ್ತಿನಲ್ಲಿ ಬೆರಳಿಗೆ ಜಿಗುಟು ಎನಿಸಿದರೆ ಅರಗಿನ ಪಾಲಿಶ್. ಏನೂ ಆಗದಿದ್ದರೆ ಅದೇ ರೀತಿ ಬೇರೆ ಜಾಗದಲ್ಲಿ ತಿನ್ನರ್ ಮುಟ್ಟಿಸಿ. ಅದಕ್ಕೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್), ಅಂದರೆ ಈಗಿನ ಕಾಲದ ಗಟ್ಟಿ ಪಾಲಿಶ್. ಇದು ತಿಳಿಯದೆ ಯಾವ ಸಲಹೆಯೂ ಸಲಹೆಯಲ್ಲ.

ಬಯಲುಸೀಮೆ
ನಮ್ಮ ಮನೆಯ ಸನ್‌ಮೈಕಾ ಮೇಜಿಗೆ ತಿನ್ನರ್‌ನಿಂದಲೇ ಅಂಟು ತೆಗೆದೆವು, ಗುಲಗಂಜಿಯಷ್ಟೂ ಕಲೆಯಾಗಲಿಲ್ಲ. ಸುಮ್ಮನೆ ಹೆದರಿಸಬೇಡಿ.

ಉಳಿ_ಬಾಚಿ
ಸನ್‌ಮೈಕಾ ಬೇರೆ, ಅರಗು ಬೇರೆ. ಸನ್‌ಮೈಕಾದ ಮೇಲ್ಪದರ ಮೆಲಮೈನ್ ರಾಳ, ಕಾಯಿಸಿ ಒತ್ತಿ ಗಟ್ಟಿ ಮಾಡಿದ್ದು. ಅದರ ಮೇಲೆ ಉಕ್ಕಿದ ಹಳದಿ ರಬ್ಬರ್ ಅಂಟನ್ನು ನಾವೂ ತಿನ್ನರ್ ಬಟ್ಟೆಯಿಂದಲೇ ಒರೆಸುತ್ತೇವೆ. ಆದರೆ ಅಂಚಿಗೆ ಹೆಚ್ಚು ಇಳಿಯಲು ಬಿಟ್ಟರೆ ಹಾಳೆಯೇ ಬಿಟ್ಟುಕೊಳ್ಳುತ್ತದೆ, ಏಕೆಂದರೆ ಅದನ್ನು ಹಿಡಿದಿರುವುದೂ ಅಂಥದೇ ಅಂಟು.

ರಸಾಯನ_ಮೇಷ್ಟ್ರು
ಉಳಿ_ಬಾಚಿ ಅವರ ಮಾತು ಸರಿ. ಮೂರು ಅಂಟುಗಳೂ ಹಿಡಿಯುವ ದಾರಿ ಬೇರೆ ಬೇರೆ, ಆದ್ದರಿಂದ ಬಿಡಿಸುವ ದಾರಿಯೂ ಬೇರೆ.

ಫೆವಿಕಾಲ್ ಎಂದರೆ ಪಾಲಿವಿನೈಲ್ ಅಸಿಟೇಟ್‌ನ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುವ ಬಿಳಿ ದ್ರವ. ನೀರು ಆರಿದಾಗ ಕಣಗಳು ಒಂದಕ್ಕೊಂದು ಬೆಸೆದು ಪಾರದರ್ಶಕ ಪೊರೆಯಾಗುತ್ತವೆ. ಮತ್ತೆ ತೇವ ಕೊಟ್ಟರೆ ಆ ಪೊರೆ ನೀರು ಹೀರಿ ಉಬ್ಬುತ್ತದೆ, ಬಿಳಿಚಿಕೊಳ್ಳುತ್ತದೆ, ರಬ್ಬರಿನಂತಾಗುತ್ತದೆ. ಬಿಳಿಚಿದ್ದು ಕಂಡರೆ ಕೆರೆಯುವ ಸಮಯ ಬಂತು ಎಂದು ತಿಳಿಯಿರಿ.

ಫೆವಿಕ್ವಿಕ್ ಸಯನೋಅಕ್ರಿಲೇಟ್. ಅದು ಒಣಗುವುದಿಲ್ಲ, ಗಾಳಿಯ ತೇವ ತಾಗಿ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಅದು ಇನ್ನೂ ಬೇಗ ಕಚ್ಚುವುದು ಇದಕ್ಕೇ. ಅದನ್ನು ಮೆದುಗೊಳಿಸುವುದು ಅಸಿಟೋನ್, ಅಂದರೆ ಅನೇಕ ನೇಲ್ ಪಾಲಿಶ್ ರಿಮೂವರ್‌ಗಳಲ್ಲಿ ಇರುವ ದ್ರವ. ಆದರೆ ಅರಗಿನ ಪಾಲಿಶ್, ಲ್ಯಾಕರ್ ಎರಡನ್ನೂ ಅದು ಹಾಳುಮಾಡುತ್ತದೆ.

ಟೇಪಿನ ಗೋಂದು ಎಂದೂ ಗಟ್ಟಿಯಾಗದ ಜಿಗುಟು ಪದಾರ್ಥ. ಅದಕ್ಕೆ ನೀರು ಏನೂ ಮಾಡದು, ಎಣ್ಣೆ ಮಾಡುತ್ತದೆ.

ಆದ್ದರಿಂದ ನಿಮ್ಮ ಅತ್ತೆ ಹೇಳಿದ್ದು ಮೂರನೆಯದಕ್ಕೆ ನೂರಕ್ಕೆ ನೂರು ಸರಿ.

ಅಮ್ಮನ_ಅಡುಗೆಮನೆ
ಕೊಬ್ಬರಿ ಎಣ್ಣೆಯ ಪರವಾಗಿ ನನ್ನದೂ ಒಂದು ಮತ. ಹೊಸ ಸ್ಟೀಲ್ ಡಬ್ಬಿಗಳ ಚೀಟಿ ತೆಗೆಯಲು ನಾವು ಬೇರೇನೂ ಬಳಸುವುದಿಲ್ಲ. ಹಚ್ಚಿ, ಊಟ ಮುಗಿಸಿ ಬಂದು, ಬಟ್ಟೆಯಿಂದ ಉಜ್ಜಿದರೆ ಸುರುಳಿಯಾಗಿ ಬರುತ್ತದೆ. ಹೋಗದಿದ್ದರೆ ಸ್ವಲ್ಪ ಅಡುಗೆ ಸೋಡಾ ಬೆರೆಸಿ ಉಜ್ಜಿ.

ಉಳಿ_ಬಾಚಿ
ಅಕ್ಕ, ಸ್ಟೀಲಿಗೆ ಸೋಡಾ ಸರಿ. ಪಾಲಿಶ್ ಮೇಲೆ ಬೇಡ. ಸೋಡಾದ ಕಣಗಳು ಹೊಳಪನ್ನು ಮಂಕು ಮಾಡುತ್ತವೆ, ಆ ಮೇಲೆ ಬೆಳಕಿಗೆ ಓರೆಯಾಗಿ ನೋಡಿದರೆ ಉಜ್ಜಿದ ಜಾಗವಷ್ಟೇ ಬೇರೆಯಾಗಿ ಕಾಣುತ್ತದೆ. ಬರೀ ಎಣ್ಣೆ ಸಾಕು. ಪಾಲಿಶ್ ಇಲ್ಲದ ಹಸಿ ಮರಕ್ಕೆ ಎಣ್ಣೆಯೂ ಬೇಡ, ಕಪ್ಪು ಕಲೆ ಕೂತುಬಿಡುತ್ತದೆ.

ಬಾಡಿಗೆ_ಮನೆ
ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಮಾಲೀಕರ ಬಾಗಿಲಿನ ಮೇಲಿನ ಸ್ಟಿಕ್ಕರ್ ಗೋಂದನ್ನು ನೀಲಗಿರಿ ಎಣ್ಣೆಯಿಂದ ತೆಗೆದೆವು. ಕೊಬ್ಬರಿ ಎಣ್ಣೆಗಿಂತ ಎಷ್ಟೋ ಬೇಗ. ಮುಂಗಡ ಹಣ ಪೂರ್ತಿ ವಾಪಸು ಬಂತು. ಊಟಿಗೆ ಹೋದವರು ತಂದ ಬಾಟಲಿ ಎಲ್ಲರ ಮನೆಯಲ್ಲೂ ಒಂದು ಇದ್ದೇ ಇರುತ್ತದೆ, ಉಪಯೋಗಿಸಿ.

ರಸಾಯನ_ಮೇಷ್ಟ್ರು
ನೀಲಗಿರಿ ಎಣ್ಣೆ ಒಳ್ಳೆಯದೇ, ಆದರೆ ಅದು ಅಡುಗೆ ಎಣ್ಣೆಯ ಜಾತಿಯದಲ್ಲ, ಬಲವಾದ ದ್ರಾವಕ. ಹೆಚ್ಚು ಹೊತ್ತು ಬಿಟ್ಟರೆ ಹಳೆಯ ಪಾಲಿಶನ್ನೂ ಬಣ್ಣವನ್ನೂ ಮೆತ್ತಗೆ ಮಾಡಬಲ್ಲದು. ಬಟ್ಟೆಗೆ ಹಾಕಿ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ತೆಗೆಯಿರಿ. ಮೇಜಿನ ಮೇಲೆ ಸುರಿದು ಬಿಡಬೇಡಿ.

ಧಾರವಾಡ_ಪೇಡೆ
ಇದೇ ಚರ್ಚೆಯಲ್ಲಿ ನನ್ನದೂ ಒಂದು ಪ್ರಶ್ನೆ. ನಮ್ಮಲ್ಲಿ ಕಲಘಟಗಿ ತೊಟ್ಟಿಲು ಇದೆ, ಮನೆತನದ್ದು. ನಾಮಕರಣದ ದಿನ ಅಲಂಕಾರದವರು ಬಲೂನು ಕಟ್ಟಲು ಅದರ ಕಂಬಗಳಿಗೆಲ್ಲ ಟೇಪು ಸುತ್ತಿ ಹೋಗಿದ್ದಾರೆ. ಟೇಪು ತೆಗೆದರೂ ಗೋಂದು ಉಳಿದಿದೆ. ಸ್ಯಾನಿಟೈಸರ್ ಹಾಕಿ ಒರೆಸೋಣ ಎಂದು ತಮ್ಮ ಹೇಳುತ್ತಿದ್ದಾನೆ.

ಉಳಿ_ಬಾಚಿ
ತಮ್ಮನನ್ನು ತಡೆಯಿರಿ! ಕಲಘಟಗಿ ತೊಟ್ಟಿಲಿನ ಹೊಳಪು ಅರಗಿನದು. ಚನ್ನಪಟ್ಟಣದ ಗೊಂಬೆಯೂ ಹಾಗೆಯೇ, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಬಿಸಿಗೆ ಕರಗಿ ಅಂಟಿಕೊಂಡ ಪದರ ಅದು. ಸ್ಯಾನಿಟೈಸರ್‌ನಲ್ಲಿ ಇರುವುದೇ ಆಲ್ಕೋಹಾಲ್. ಚಿತ್ತಾರದ ಬಣ್ಣ ಬಟ್ಟೆಗೆ ಬಂದುಬಿಡುತ್ತದೆ, ಅದನ್ನು ಮತ್ತೆ ಬರೆಯಬಲ್ಲ ಕೈಗಳು ಈಗ ಬಹಳ ಕಡಿಮೆ. ಕೊಬ್ಬರಿ ಎಣ್ಣೆ, ಮೆತ್ತನೆಯ ಹಳೆಯ ಪಂಚೆಯ ತುಂಡು, ತಾಳ್ಮೆ. ಬೇರೇನೂ ಬೇಡ. ಮಗು ಮಲಗುವ ವಸ್ತು, ರಾಸಾಯನಿಕ ಹಾಕದಿರುವುದೇ ಕ್ಷೇಮ.

ಮಂಗಳೂರು_ಮಳೆ
ಸ್ಯಾನಿಟೈಸರ್ ಮಾತು ಬಂತಲ್ಲ, ಒಂದು ಹೇಳುತ್ತೇನೆ. 2020ರಲ್ಲಿ ಹೊರಗಿನಿಂದ ಬಂದವರಿಗೆಂದು ನನ್ನ ಚಿಕ್ಕಪ್ಪನ ಮನೆಯ ಜಗಲಿಯ ತೇಗದ ಟೀಪಾಯಿ ಮೇಲೆ ಬಾಟಲಿ ಇಟ್ಟಿದ್ದರು. ಲಾಕ್‌ಡೌನ್ ಮುಗಿಯುವ ಹೊತ್ತಿಗೆ ಬಾಟಲಿಯ ತಳದಷ್ಟು ವೃತ್ತದಲ್ಲಿ ಪಾಲಿಶ್ ಹೋಗಿ ಬೋಳು ಮರ ಕಾಣುತ್ತಿತ್ತು. ಆಗ ಯಾರಿಗೂ ಕಾರಣವೇ ಹೊಳೆಯಲಿಲ್ಲ.

ಸುಣ್ಣದ_ಗೋಡೆ
ಇಷ್ಟೆಲ್ಲ ಯಾಕೆ? ಒದ್ದೆ ಬಟ್ಟೆಯನ್ನು ರಾತ್ರಿಯಿಡೀ ಫೆವಿಕಾಲ್ ಮೇಲೆ ಹಾಕಿಡಿ. ಬೆಳಿಗ್ಗೆ ಕಾಗದ, ಅಂಟು ಎರಡೂ ಕೈಗೆ ಬರುತ್ತವೆ. ನೀರಿನಷ್ಟು ನಿರಪಾಯ ಬೇರೆ ಯಾವುದಿದೆ?

ಉಳಿ_ಬಾಚಿ
ನೀರು ನಿರಪಾಯ ಎಂಬ ನಂಬಿಕೆಯಿಂದಲೇ ಹೆಚ್ಚು ಮೇಜುಗಳು ನಮ್ಮ ಅಂಗಡಿಗೆ ಬರುತ್ತವೆ. ಅರಗಿನ ಪಾಲಿಶ್ ಮೇಲೆ ರಾತ್ರಿಯಿಡೀ ತೇವ ನಿಂತರೆ ಬಿಳಿ ಮಂಜು ಹಿಡಿಯುತ್ತದೆ. ಇನ್ನೂ ದೊಡ್ಡ ಅಪಾಯ ಕೀಲುಗಳಿಗೆ. ಹಳೆಯ ಪೀಠೋಪಕರಣಗಳ ಕೀಲುಗಳನ್ನು ಅನೇಕ ಕಡೆ ಸರೇಸಿನಿಂದ ಕೂಡಿಸಿರುತ್ತಾರೆ. ದನದ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು ಅದು. ನಮ್ಮ ತಂದೆಯವರು ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು ಅದನ್ನು ಕರಗಿಸುತ್ತಿದ್ದರು, ಕೆಲಸದ ಕೊಠಡಿಯೆಲ್ಲ ಅದರದೇ ವಾಸನೆ. ಸರೇಸಿನ ಗುಣವೇ ಬಿಸಿ ಮತ್ತು ತೇವಕ್ಕೆ ಮತ್ತೆ ಬಿಟ್ಟುಕೊಡುವುದು. ರಿಪೇರಿಗೆ ಅದು ವರ, ಕೀಲನ್ನು ಮುರಿಯದೆ ಬಿಚ್ಚಬಹುದು. ಆದರೆ ಮೇಜಿನ ಮೇಲೆ ನೀರು ನಿಲ್ಲಿಸಿದರೆ ಅದೇ ಶಾಪ.

ಸುಣ್ಣದ_ಗೋಡೆ
ಹಾಗಾದರೆ ನೀರೇ ಬಳಸದೆ ಫೆವಿಕಾಲ್ ತೆಗೆಯುವುದು ಹೇಗೆ? ಒಂದು ದಾರಿಯನ್ನಾದರೂ ಹೇಳಿ, ಎಲ್ಲದಕ್ಕೂ ಬೇಡ ಎಂದರೆ ಅವರು ಮೇಜನ್ನು ಹಾಗೆಯೇ ಬಿಡಬೇಕೇ?

ಉಳಿ_ಬಾಚಿ
ನೀರು ಬೇಡ ಎಂದಿಲ್ಲ, ನಿಲ್ಲಿಸಬೇಡಿ ಎಂದೆ. ಉಗುರು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ. ಹನಿ ಬೀಳಬಾರದು. ಅದನ್ನು ಅಂಟಿನ ಮೇಲಷ್ಟೇ ಮಡಿಸಿ ಇಡಿ. ಐದು ನಿಮಿಷಕ್ಕೆ ಎತ್ತಿ, ಕಾಗದದ ಮೇಲ್ಪದರವನ್ನು ಬೆರಳಿನಿಂದ ಉರುಳಿಸಿ ತೆಗೆಯಿರಿ. ಪೂರ್ತಿ ಒರೆಸಿ ಒಣಗಲು ಬಿಡಿ. ಮತ್ತೆ ಇಡಿ. ಹೀಗೆ ಸರದಿಯಲ್ಲಿ ಮಾಡಿದರೆ ಮೊದಲು ಕಾಗದ ಹೋಗುತ್ತದೆ, ಆಮೇಲೆ ಅಂಟು ಬಿಳಿಚುತ್ತದೆ. ಆಗ ಬಿದಿರಿನ ಸೀಳಿಗೆ ಓರೆ ಅಂಚು ಮಾಡಿಕೊಂಡು, ಅಥವಾ ಅವಧಿ ಮುಗಿದ ಎಟಿಎಂ ಕಾರ್ಡಿನಿಂದ, ಮರದ ಎಳೆಯ ಉದ್ದಕ್ಕೇ ತಳ್ಳಿ. ಎಳೆಗೆ ಅಡ್ಡ ಹೋಗಬೇಡಿ. ಚಾಕು ಬೇಡ.

ಬಾಟಲಿಯ ಮೇಲೆ ಮರೈನ್ ಎಂದಿದ್ದರೆ ಹೇಳಿ, ಅದು ನೀರಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಅಮ್ಮನ_ಅಡುಗೆಮನೆ
ಆ ನೀರಿಗೆ ಸ್ವಲ್ಪ ವಿನೆಗರ್ ಸೇರಿಸಿದರೆ ಬೇಗ ಬಿಡುತ್ತದಲ್ಲವೇ? ನಾವು ಕಡಪ ಕಲ್ಲಿನ ಕಟ್ಟೆಯ ಮೇಲೆ ಹಾಗೇ ಮಾಡಬೇಕೆಂದಿದ್ದೇವೆ.

ರಸಾಯನ_ಮೇಷ್ಟ್ರು
ಫೆವಿಕಾಲ್‌ಗೆ ವಿನೆಗರ್ ನೆರವಾಗುತ್ತದೆ, ನೀರು ಬೆರೆಸಿ ಬಳಸಬಹುದು. ಆದರೆ ಕಡಪ ಕಲ್ಲಿನ ಮೇಲೆ ಖಂಡಿತ ಬೇಡ. ಕಡಪ ಸುಣ್ಣದ ಕಲ್ಲಿನ ಜಾತಿ, ಅಮೃತಶಿಲೆಯೂ ಅದೇ ಬಳಗದ್ದು. ಆಮ್ಲ ತಾಗಿದರೆ ಮೇಲ್ಮೈ ಕರಗಿ ಹೊಳಪು ಹೋಗುತ್ತದೆ. ನಿಂಬೆಹುಳಿಗೂ ಇದೇ ಮಾತು. ಗ್ರಾನೈಟ್ ಆದರೆ ತಡೆದುಕೊಳ್ಳುತ್ತದೆ.

ಹೆಂಚಿನ_ಮನೆ
ಎಲ್ಲರಿಗೂ ಧನ್ಯವಾದ. ಕಾಲಿನ ಒಳಗೆ ಸ್ಪಿರಿಟ್ ಪರೀಕ್ಷೆ ಮಾಡಿದೆ. ಬೆರಳಿಗೆ ಜಿಗುಟು ಬಂತು. ಅಂದರೆ ಅರಗಿನ ಪಾಲಿಶೇ. ಯಜಮಾನರ ಮರಳು ಕಾಗದವನ್ನು ಸದ್ಯ ಎತ್ತಿಟ್ಟಿದ್ದೇನೆ. ಫೆವಿಕಾಲ್ ಸಾಮಾನ್ಯದ್ದೇ. ಹಾಗಾದರೆ ಫೆವಿಕ್ವಿಕ್ ಹನಿಗಳಿಗೆ ಅಸಿಟೋನ್ ಹಾಕುವಂತಿಲ್ಲ. ಅವಕ್ಕೇನು ಮಾಡಲಿ?

ಬಯಲುಸೀಮೆ
ಹೇರ್ ಡ್ರೈಯರ್ ಹಿಡಿಯಿರಿ. ಬಿಸಿಗೆ ಬಿಡುತ್ತದೆ.

ರಸಾಯನ_ಮೇಷ್ಟ್ರು
ಬಿಸಿ ಹೆಚ್ಚಾದರೆ ಸಯನೋಅಕ್ರಿಲೇಟ್ ಸಡಿಲವಾಗುವುದು ನಿಜ. ಆದರೆ ಅಷ್ಟು ಬಿಸಿಗೆ ಅರಗು ಮೊದಲೇ ಮೆತ್ತಗಾಗಿರುತ್ತದೆ. ಚಹಾ ಲೋಟದ ಬಿಸಿಗೇ ಕಲೆ ಬೀಳುವ ಪಾಲಿಶ್ ಅದು. ಪಿಯು ಪಾಲಿಶ್ ಆಗಿದ್ದರೆ ನಿಮ್ಮ ಸಲಹೆಯನ್ನು ಎಚ್ಚರಿಕೆಯಿಂದ ಪ್ರಯತ್ನಿಸಬಹುದಿತ್ತು.

ಉಳಿ_ಬಾಚಿ
ಇಲ್ಲಿ ಕರಗಿಸುವ ದಾರಿಯೇ ಇಲ್ಲ, ಸವೆಸುವುದೊಂದೇ. ಹನಿಯ ಸುತ್ತ ಬಣ್ಣ ಬಳಿಯುವವರ ಕಾಗದದ ಟೇಪು ಅಂಟಿಸಿ. ಅದನ್ನೂ ಮೊದಲು ನಿಮ್ಮ ಬಟ್ಟೆಗೆ ಒಂದೆರಡು ಸಲ ಅಂಟಿಸಿ ಕಿತ್ತು ಜಿಗುಟು ಕಡಿಮೆ ಮಾಡಿಕೊಳ್ಳಿ, ಇಲ್ಲವಾದರೆ ಹಳೆಯ ಪಾಲಿಶನ್ನೇ ಎಳೆದುಕೊಂಡು ಬರುತ್ತದೆ. ಸಣ್ಣ ಚಪ್ಪಟೆ ಅರದಿಂದ ಹನಿಯ ತಲೆಯನ್ನು ಸವೆಸುತ್ತ ಬನ್ನಿ. ಮೇಜಿನ ಮಟ್ಟಕ್ಕೆ ಬರುವ ಮೊದಲೇ ನಿಲ್ಲಿಸಿ. ಉಳಿದ ತೆಳು ಪದರಕ್ಕೆ 400ನೇ ನಂಬರಿನ ಕಾಗದವನ್ನು ಪೆನ್ಸಿಲ್ ರಬ್ಬರಿಗೆ ಸುತ್ತಿ, ಹನಿಯ ಮೇಲಷ್ಟೇ ಉಜ್ಜಿ. ಆಮೇಲೆ 600. ನಿಮ್ಮ ಯಜಮಾನರ ಕಾಗದಕ್ಕೆ ಕೆಲಸ ಸಿಗುವುದು ಇಲ್ಲಿ, ಆದರೆ ಇಷ್ಟೇ ಜಾಗಕ್ಕೆ. ಕೊನೆಗೆ ಪಾಲಿಶ್ ಸ್ವಲ್ಪ ಮಂಕಾಗುತ್ತದೆ. ಪಾಲಿಶ್ ಮಾಡುವವರನ್ನು ಕರೆಸಿ ಆ ಚುಕ್ಕೆಗಳಿಗಷ್ಟೇ ಅರಗು ಹಚ್ಚಿಸಿ. ಅರಗಿನ ದೊಡ್ಡ ಗುಣ ಇದು. ಹೊಸ ಪದರ ಹಳೆಯದನ್ನು ಸ್ವಲ್ಪ ಕರಗಿಸಿಕೊಂಡು ಅದರಲ್ಲೇ ಬೆರೆತುಬಿಡುತ್ತದೆ, ತೇಪೆ ಕಾಣುವುದಿಲ್ಲ. ಪಿಯುನಲ್ಲಿ ಈ ಸುಖವಿಲ್ಲ.

ಹನಿಯ ಕೆಳಗೆ ಬ್ಲೇಡು ತೂರಿಸಿ ಮೀಟಬೇಡಿ. ಪಟ್ಟನೆ ಏಳುತ್ತದೆ, ಆದರೆ ಪಾಲಿಶಿನ ಹಕ್ಕಳೆಯನ್ನೂ ಕಿತ್ತುಕೊಂಡೇ ಏಳುತ್ತದೆ.

ಹಳೆ_ಪೆಟ್ಟಿಗೆ
ಇಷ್ಟು ಕಷ್ಟಪಡುವ ಬದಲು ಮೇಲ್ಹಲಗೆಯನ್ನು ಪೂರ್ತಿ ಉಜ್ಜಿಸಿ ಪಿಯು ಹೊಡೆಸಿಬಿಡಿ. ಮುಂದೆ ಅಂಟು ಬಿದ್ದರೂ ಚಿಂತೆಯಿಲ್ಲ.

ಉಳಿ_ಬಾಚಿ
ನಾನು ಒಪ್ಪುವುದಿಲ್ಲ. ಬೀಟೆಯ ಮೇಲೆ ದಶಕಗಳಿಂದ ಕೂತಿರುವ ಆ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಅಂಗೈಯಗಲದ ಕಲೆಗಾಗಿ ಇಡೀ ಮೇಜಿನ ಚರ್ಮ ಸುಲಿಯುವುದು ನ್ಯಾಯವಲ್ಲ.

ಬೇ_ಏರಿಯಾ_ಕನ್ನಡತಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಅಜ್ಜಿಯ ಬೀಟೆ ಪೆಟ್ಟಿಗೆಯನ್ನು ಊರಿನಿಂದ ಇಲ್ಲಿಗೆ, ಅಮೆರಿಕಕ್ಕೆ, ತರಿಸಬೇಕೆಂದಿದ್ದೇನೆ. ಅದಕ್ಕೂ ಅಂಟಿನ ಕಲೆ ಇದೆ. ಅಲ್ಲೇ ತೆಗೆಸಿ ತರಲೇ, ಇಲ್ಲಿಗೆ ಬಂದ ಮೇಲೆ ತೆಗೆಸಲೇ?

ಹಳೆ_ಪೆಟ್ಟಿಗೆ
ಕಲೆಗಿಂತ ಮೊದಲು ಕಾಗದಪತ್ರ ನೋಡಿಕೊಳ್ಳಿ. 2017ರ ಜನವರಿಯಿಂದ ಬೀಟೆಯ ಬಹುತೇಕ ಇಡೀ ಕುಲ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ದೇಶದಿಂದ ದೇಶಕ್ಕೆ ಸಾಗಿಸಲು ನಿಯಮಗಳಿವೆ. ತೂಕಕ್ಕೆ ತಕ್ಕಂತೆ, ಉದ್ದೇಶಕ್ಕೆ ತಕ್ಕಂತೆ ವಿನಾಯಿತಿಗಳೂ ಇವೆ. ಸಾಗಣೆಯವರ ಮಾತು ಮಾತ್ರ ಕೇಳಬೇಡಿ, ಎರಡೂ ದೇಶಗಳ ಅಧಿಕಾರಿಗಳನ್ನು ವಿಚಾರಿಸಿ.

ಉಳಿ_ಬಾಚಿ
ಕಲೆಯನ್ನು ಇಲ್ಲೇ ತೆಗೆಸಿ. ಅರಗಿನ ಪಾಲಿಶ್ ಬಲ್ಲವರು ಮೈಸೂರಿನಲ್ಲಿ ಈಗಲೂ ಸಿಗುತ್ತಾರೆ.

ಮಂಗಳೂರು_ಮಳೆ
ನನ್ನ ತಮ್ಮನ ಕೈಬೆರಳುಗಳೇ ಫೆವಿಕ್ವಿಕ್‌ನಿಂದ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ಗಾಬರಿಯಲ್ಲಿ ಬನಿಯನ್‌ನಿಂದ ಒರೆಸಲು ಹೋದ. ಬಟ್ಟೆ ಬಿಸಿಯಾಗಿ ಹೊಗೆ ಬಂತು! ಇದು ಯಾಕೆ?

ರಸಾಯನ_ಮೇಷ್ಟ್ರು
ಇದನ್ನು ಎಲ್ಲರೂ ಓದಬೇಕು. ಹಸಿ ಸಯನೋಅಕ್ರಿಲೇಟ್ ಹತ್ತಿ ಅಥವಾ ಉಣ್ಣೆಗೆ ತಾಗಿದರೆ ಎಳೆಗಳ ಮೇಲೆಲ್ಲ ಹರಡಿ ಒಮ್ಮೆಲೇ ಗಟ್ಟಿಯಾಗುತ್ತದೆ, ಆಗ ಬಿಸಿ ಹೊರಬರುತ್ತದೆ. ಸುಡುವಷ್ಟು ಬಿಸಿ. ಹಸಿ ಹನಿ ಬಿದ್ದರೆ ಹತ್ತಿ ಬಟ್ಟೆಯಿಂದ ಒರೆಸಲು ಹೋಗಬೇಡಿ. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ಉರುಳಿಸುತ್ತ ಬಿಡಿಸಿ. ಕಣ್ಣಿಗೆ ಸಿಡಿದರೆ ಮನೆಮದ್ದು ಯಾವುದೂ ಬೇಡ, ನೇರವಾಗಿ ವೈದ್ಯರಲ್ಲಿಗೆ ಹೋಗಿ.

ಇನ್ನೊಂದು ಮಾತು. ಅಸಿಟೋನ್, ತಿನ್ನರ್, ಸ್ಪಿರಿಟ್, ಸೀಮೆಎಣ್ಣೆ ಎಲ್ಲವೂ ಬೆಂಕಿ ಹಿಡಿಯುವಂಥವು. ದೇವರ ದೀಪ ಉರಿಯುತ್ತಿರುವ ಕೋಣೆಯಲ್ಲಿ, ಗ್ಯಾಸ್ ಒಲೆಯ ಹತ್ತಿರ ಈ ಕೆಲಸ ಬೇಡವೇ ಬೇಡ. ಪೆಟ್ರೋಲ್ ಅಂತೂ ಮನೆಯೊಳಗೆ ತರಲೇಬೇಡಿ.

ಬಾಡಿಗೆ_ಮನೆ
ಪ್ಲಾಸ್ಟಿಕ್ ಕುರ್ಚಿಯ ಮೇಲಿನ ಫೆವಿಕ್ವಿಕ್‌ಗೆ ಅಸಿಟೋನ್ ಹಾಕಬಹುದೇ? ಎಲ್ಲ ಪ್ಲಾಸ್ಟಿಕ್ ಕರಗುತ್ತದೆ ಎಂದು ಕೇಳಿದ್ದೇನೆ.

ರಸಾಯನ_ಮೇಷ್ಟ್ರು
ಎಲ್ಲವೂ ಅಲ್ಲ. ಸಾಮಾನ್ಯ ಅಚ್ಚಿನ ಕುರ್ಚಿಗಳು ಪಾಲಿಪ್ರೊಪಿಲೀನ್, ಅದಕ್ಕೆ ಅಸಿಟೋನ್‌ನಿಂದ ಹಾನಿಯಿಲ್ಲ. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇದ್ದರೆ ಅದೇ. ಥರ್ಮೋಕೋಲ್, ಅಕ್ರಿಲಿಕ್, ಟಿವಿಯ ಹೊರಕವಚದಂಥ ಗಟ್ಟಿ ಹೊಳೆಯುವ ಪ್ಲಾಸ್ಟಿಕ್, ಇವಕ್ಕೆ ತಾಗಿಸಲೇಬೇಡಿ.

ಹೆಂಚಿನ_ಮನೆ
ಮತ್ತೆ ಬಂದೆ. ಟೇಪಿನ ಗೋಂದು ಕೊಬ್ಬರಿ ಎಣ್ಣೆಗೆ ಪೂರ್ತಿ ಹೋಯಿತು, ಅತ್ತೆಗೆ ಬಹಳ ಸಂತೋಷ. ಫೆವಿಕಾಲ್ ಕೂಡ ಬಂತು. ಉಳಿ_ಬಾಚಿ ಅವರು ಹೇಳಿದ ಹಾಗೆ ಬಿಳಿಚುವವರೆಗೆ ಕಾದಿದ್ದರಿಂದ ಬಿದಿರಿನ ಸೀಳಿಗೆ ಹಾಳೆಯಾಗಿ ಎದ್ದಿತು. ಆದರೆ ಆ ಜಾಗದಲ್ಲಿ ತೆಳುವಾದ ಬಿಳಿ ಛಾಯೆ ಉಳಿದಿದೆ. ಟೂತ್‌ಪೇಸ್ಟ್ ಹಚ್ಚಿ ಎಂದು ಒಬ್ಬರು ಹೇಳಿದರು.

ಉಳಿ_ಬಾಚಿ
ಟೂತ್‌ಪೇಸ್ಟ್ ಬೇಡ, ಅದರಲ್ಲೂ ಉಜ್ಜುವ ಪುಡಿಯೇ ಇರುವುದು. ಆ ಬಿಳುಪು ಪಾಲಿಶಿನೊಳಗೆ ಸಿಕ್ಕಿದ ತೇವ. ಫ್ಯಾನಿನ ಕೆಳಗೆ ಸುಮ್ಮನೆ ಬಿಡಿ. ಬಹಳ ಸಲ ತಾನಾಗಿಯೇ ಮಾಯವಾಗುತ್ತದೆ. ಆಗದಿದ್ದರೆ ಹನಿಗಳಿಗೆ ಅರಗು ಹಚ್ಚಲು ಬರುವವರು ಸ್ಪಿರಿಟ್ ಸೋಕಿಸಿದ ಬಟ್ಟೆಯುಂಡೆಯನ್ನು ಒಂದು ಸಲ ಹಗುರವಾಗಿ ಆಡಿಸಿದರೆ ಹೋಗುತ್ತದೆ. ಅದು ಅವರ ಕೈಯ ಕೆಲಸ. ಕೈ ಒಂದು ಕ್ಷಣ ನಿಂತರೂ ಬಟ್ಟೆ ಅಲ್ಲೇ ಕಚ್ಚಿಕೊಳ್ಳುತ್ತದೆ, ನೀವು ಮಾಡಬೇಡಿ.

ಸುಣ್ಣದ_ಗೋಡೆ
ಇನ್ನು ಮೇಲೆ ಒಂದು ಗಾಜು ಹಾಕಿಸಿಬಿಡಿ.

ಉಳಿ_ಬಾಚಿ
ಹಾಕಿಸಬಹುದು, ಆದರೆ ಗಾಜನ್ನು ಪಾಲಿಶ್ ಮೇಲೆ ನೇರವಾಗಿ ಕೂರಿಸಬಾರದು. ನಡುವೆ ತೇವ ಸಿಕ್ಕಿಕೊಳ್ಳುತ್ತದೆ, ಬೇಸಿಗೆಯಲ್ಲಿ ಪಾಲಿಶ್ ಗಾಜಿಗೆ ಅಂಟುತ್ತದೆ. ಮೂಲೆಗಳಲ್ಲಿ ದಪ್ಪ ಉಣ್ಣೆಬಟ್ಟೆಯ ಬಿಲ್ಲೆ ಇಟ್ಟು ಗಾಳಿಯಾಡುವಂತೆ ಎತ್ತರಿಸಿ.

ಧಾರವಾಡ_ಪೇಡೆ
ತೊಟ್ಟಿಲು ಉಳಿಯಿತು. ಬಣ್ಣ ಒಂದಿಷ್ಟೂ ಹೋಗಿಲ್ಲ. ಉಳಿ_ಬಾಚಿ ಅಣ್ಣನಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಅಮ್ಮನ_ಅಡುಗೆಮನೆ
ಕೊನೆಯ ಒಂದು ಪ್ರಶ್ನೆ. ಮಗಳ ಅಲ್ಮೆರಾದ ಕನ್ನಡಿಯ ತುಂಬ ಬಿಂದಿಯ ಗೋಂದು. ಕನ್ನಡಿಯ ಸುತ್ತಲಿನ ಬಾಗಿಲು ಈಗಿನ ಹೊಳೆಯುವ ಅಕ್ರಿಲಿಕ್ ಹಾಳೆಯದು. ಎರಡಕ್ಕೂ ಒಂದೇ ಉಪಾಯ ನಡೆಯುತ್ತದೆಯೇ?

ರಸಾಯನ_ಮೇಷ್ಟ್ರು
ಬೇರೆ ಬೇರೆ. ಕನ್ನಡಿಯನ್ನು ಸೋಪು ನೀರಿನಿಂದ ಒದ್ದೆ ಮಾಡಿ ಹೊಸ ಬ್ಲೇಡನ್ನು ಚಪ್ಪಟೆಯಾಗಿ ಹಿಡಿದು ತಳ್ಳಿ, ಗಾಜಿಗೆ ಏನೂ ಆಗದು. ನೀರು ಕನ್ನಡಿಯ ಅಂಚಿಗೆ ಇಳಿಯದಂತೆ ನೋಡಿಕೊಳ್ಳಿ, ಹಿಂದಿನ ಲೇಪ ಕಪ್ಪಾಗುತ್ತದೆ. ಅಕ್ರಿಲಿಕ್‌ಗೆ ಬ್ಲೇಡು, ಸ್ಪಿರಿಟ್, ಅಸಿಟೋನ್, ತಿನ್ನರ್ ಯಾವುದೂ ಬೇಡ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿನಿಂದ ಉರುಳಿಸಿ, ಆಮೇಲೆ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ನೀರಿನಲ್ಲಿ ಬೆರೆಸಿ ಮೆತ್ತನೆಯ ಬಟ್ಟೆಯಿಂದ ಒರೆಸಿ.